ಅರಸು ಬಸ್ಸಿನ ಮಕ್ಕಳು

ನಮ್ಮ ಓಣಿಯಲ್ಲಿ ಪರದೇಶ ನೋಡದೆ ಉಳಿದವಳು ನಾನೊಬ್ಬಳೇ. ಎಡಗಡೆ ಮನೆಯವರು ದುಬೈಗೆ ಹೋಗಿ ಬಂದಿದ್ದಾರೆ. ಬಲಗಡೆಯವರು ಸಿಂಗಪುರದ ಫೋಟೋಗಳನ್ನು ಈಗಲೂ ಬಿಡದೆ ತೋರಿಸುತ್ತಾರೆ. ಗದಗಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸಿ ನಿವೃತ್ತಳಾದ ನನ್ನ ಹತ್ತಿರ ಪಾಸ್‌ಪೋರ್ಟೇ ಇಲ್ಲ. ಆದರೂ ಈ ಜನವರಿಯಲ್ಲಿ ನಾನೂ ಪರದೇಶಕ್ಕೆ ಹೋಗಿ ಬಂದೆನೆಂದು ಎಲ್ಲರಿಗೂ ಹೇಳುತ್ತಿದ್ದೇನೆ. ಹೋದದ್ದು ತಮಿಳುನಾಡಿನ ಹೊಸೂರಿಗೆ. ನಗುವವರು ನಗಲಿ. ಮಾತು ತಿಳಿಯದ ಊರನ್ನು ಪರದೇಶ ಎನ್ನುವುದಾದರೆ, ನಾನು ಜೀವಮಾನವಿಡೀ ಪಾಠ ಮಾಡಿದ ಮಾತುಗಳೇ ಬೇರೆ ಅರ್ಥ ಹೊತ್ತು ಓಡಾಡುವ ಊರನ್ನು ಏನೆನ್ನಬೇಕು?

ಜೂಜುವಾಡಿ

ನನ್ನ ತಮ್ಮ ಗುರುರಾಜ ಹೊಸೂರಿನ ಕಾರ್ಖಾನೆಯೊಂದರ ಕಚೇರಿಯಲ್ಲಿ ಕೆಲಸ ಮಾಡುತ್ತಾನೆ. ಬಸ್‌ಸ್ಟ್ಯಾಂಡಿನವರೆಗೂ ಕೂತೇ ಇರು ಎಂದು ಅವನು ಫೋನಿನಲ್ಲಿ ಹತ್ತು ಸಲ ಹೇಳಿದ್ದ. ನಾನು ಅತ್ತಿಬೆಲೆ ದಾಟಿದ ಕೂಡಲೇ ಗಡಿ ಬಂತೆಂಬ ಉತ್ಸಾಹದಲ್ಲಿ ಜೂಜುವಾಡಿಯಲ್ಲೇ ಇಳಿದುಬಿಟ್ಟೆ. ಸುತ್ತ ಲಾರಿಗಳು, ಲಾರಿಗಳ ನಡುವೆ ಧೂಳು, ಧೂಳಿನ ನಡುವೆ ಒಂದು ಟೀ ಅಂಗಡಿ. ಅಂಗಡಿಯವನನ್ನು ಹೊಸೂರಿಗೆ ಹೋಗುವುದು ಹೇಗೆಂದು ಕೇಳಿದೆ.

"ಅಗೋ ನೋಡಿ, ಅರಸು ಬಸ್ ಬತ್ತಾ ಐತೆ. ಹತ್ಕೊಳಿ ಅಮ್ಮಾ."

ಅರಸು ಎಂದರೆ ಯಾರೋ ಮಾಲೀಕನ ಹೆಸರಿರಬೇಕು ಎಂದುಕೊಂಡೆ. ನಮ್ಮ ಕಡೆ ಖಾಸಗಿ ಬಸ್ಸುಗಳಿಗೆ ದೇವರ ಹೆಸರು, ಮಗಳ ಹೆಸರು, ಕೆಲವು ಸಲ ಮಾಲೀಕನ ಅಡ್ಡಹೆಸರೂ ಇರುತ್ತದೆ. ಖಾಸಗಿ ಬಸ್ಸಿನಲ್ಲಿ ಜನರನ್ನು ಹತ್ತಿ ತುಂಬಿದ ಹಾಗೆ ತುಂಬುತ್ತಾರೆಂದು ನನಗೆ ಮೊದಲಿನಿಂದಲೂ ಸಿಟ್ಟು. ಬಿಟ್ಟುಬಿಟ್ಟೆ. ಹಿಂದೆಯೇ ಇನ್ನೊಂದು ಅರಸು ಬಸ್ ಬಂತು, ಅದನ್ನೂ ಬಿಟ್ಟೆ. ಈ ಅರಸು ಎಂಬ ಸಾಹುಕಾರ ಗಟ್ಟಿ ಕುಳವೇ ಇರಬೇಕು ಎಂದುಕೊಳ್ಳುತ್ತಿರುವಾಗ ಮೂರನೆಯದೂ ಹೋಯಿತು. ಅಂಗಡಿಯವನಿಗೆ ತಡೆಯಲಾಗಲಿಲ್ಲ.

"ಯಾವ ಬಸ್ಸಿಗೆ ಕಾಯ್ತಾ ಇದೀರಮ್ಮಾ ನೀವು?"

"ಸರ್ಕಾರಿ ಬಸ್ಸಿಗೆ."

ಅವನು ಲೋಟ ತೊಳೆಯುತ್ತಿದ್ದವನು ನಿಲ್ಲಿಸಿ ನನ್ನನ್ನೇ ನೋಡಿದ. "ಅಯ್ಯೋ, ಇಷ್ಟೊತ್ತು ಹೋಗಿದ್ದೆಲ್ಲಾ ಅದೇ ಅಲ್ವಾ! ಅರಸು ಅಂದ್ರೆ ಗೌರ್ಮೆಂಟು."

ಅಷ್ಟರಲ್ಲಿ, ನಾನು ಎಲ್ಲಿ ಇಳಿದೆನೆಂದು ಫೋನಿನಲ್ಲಿ ತಿಳಿದ ಗುರುರಾಜ ಸ್ಕೂಟರಿನಲ್ಲಿ ಬಂದ, ಅಂಗಡಿಯವನು ಎಲ್ಲ ಹೇಳಿದ. "ಅಕ್ಕಾ, ರಾಜರು ಹೋಗಿ ಎಷ್ಟ ವರ್ಷ ಆತು ಅಂತ ನಮಗ ನೀನ ಪಾಠ ಮಾಡಿದಾಕಿ. ಇಲ್ಲಿ ಅರಸ ಇನ್ನೂ ಬಸ್ ಓಡಸ್ಲಿಕ್ಕತ್ತಾನ ನೋಡು" ಎಂದು ದಾರಿಯುದ್ದಕ್ಕೂ ನಕ್ಕ. ನನಗೆ ನಗು ಬರಲಿಲ್ಲ. ತಮಿಳಿನಲ್ಲಿ ಅರಸು ಎಂದರೆ ಸರ್ಕಾರವೆಂದು ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ ಎಂದು ಒಳಗೇ ಕುದಿಯುತ್ತಿದ್ದೆ.

ಹೊಸೂರು

ಗುರುರಾಜನ ಬಾಡಿಗೆಮನೆಯ ಒಡತಿ ಪದ್ಮಾವತಿ ನನ್ನ ವಯಸ್ಸಿನವರೇ. ಸರ್ಕಾರಿ ಶಾಲೆಯಲ್ಲಿ ಮೇಡಂ ಆಗಿದ್ದವರು. ಗಂಡನ ಮನೆಯವರು ಹೊಸೂರಿನಲ್ಲಿ ತಲೆಮಾರುಗಳಿಂದ ನೆಲೆಸಿದವರು. ಇವರ ತವರು ಮಾತ್ರ ಜವಳಗಿರಿಯ ಆಚೆ, ಕಾಡಿನ ಅಂಚಿನ ಒಂದು ಸಣ್ಣ ಹಳ್ಳಿ. ಮನೆಯೊಳಗೆ ಕನ್ನಡ, ಕಚೇರಿಯವರ ಫೋನು ಬಂದರೆ ತಮಿಳು, ಗೇಟಿನ ಹತ್ತಿರ ಹೂವಿನವಳು ಬಂದರೆ ತೆಲುಗು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಅವರು ಉಸಿರೂ ತೆಗೆದುಕೊಳ್ಳುವುದಿಲ್ಲ. ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಾ ಕೂತಿರುತ್ತಿದ್ದೆ. ಇಂಥವರನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚೂ ಆಗುತ್ತದೆ, ಖುಷಿಯೂ ಆಗುತ್ತದೆ.

ಬಂದ ಮಾರನೆಯ ದಿನವೇ ಬೀದಿಯಲ್ಲಿ ಮೈಕು ಕಟ್ಟಿಕೊಂಡ ಆಟೋ ಹೋಯಿತು. ಅದರಲ್ಲಿ ನನಗೆ ತಿಳಿದದ್ದು ಎರಡೇ ಮಾತು: ಕುಡಿ, ಅರಸು. "ಇದೇನ್ರೀ, ಬೆಳಬೆಳಗ್ಗೆ ಸರ್ಕಾರವೇ ಕುಡಿ ಅಂತ ಡಂಗುರ ಸಾರುತ್ತದೆಯಲ್ಲ?" ಎಂದೆ.

ಪದ್ಮಾವತಿ ಅವರೆಕಾಳು ಹಿತಕುತ್ತಾ ಕೂತಿದ್ದವರು ಮೊರವನ್ನೇ ಪಕ್ಕಕ್ಕಿಟ್ಟು ನಕ್ಕರು. "ಕುಡಿಯರಸು ದಿನ ಅಂದ್ರೆ ನಿಮ್ಮ ಗಣರಾಜ್ಯೋತ್ಸವ ಕಣ್ರೀ ವಾಸಂತಿ. ಕುಡಿ ಅಂದ್ರೆ ಊರಲ್ಲಿ ಒಕ್ಕಲಾಗಿರೋ ಜನ. ಕುಡಿಗಳೇ ಅರಸು."

"ಹೆಸರಿನಾಗ ಕುಡಿ ಐತಿ ಖರೆ, ಆದ್ರ ಅವತ್ತ ಒಂದ್ ಹನಿ ಸಿಗೂದಿಲ್ಲ. ಅಂಗಡಿ ಎಲ್ಲಾ ಬಂದ್" ಎಂದು ಗುರುರಾಜ ಒಳಗಿನಿಂದ ಒಗ್ಗರಣೆ ಹಾಕಿದ.

ಅವನು ತಮಾಷೆ ಮಾಡಲಿ, ನನಗೆ ಆ ಮಾತು ತುಂಬಾ ಹಿಡಿಸಿತು. ಗಣರಾಜ್ಯ ಎಂಬ ಪದವನ್ನು ನಾನು ವರ್ಷವರ್ಷವೂ ವಿವರಿಸಿ ಸುಸ್ತಾದವಳು. ಗಣ ಅಂದರೇನು ಎಂದು ಹುಡುಗರು ಕೇಳುತ್ತಿದ್ದರು, ಗುಂಪು ಎನ್ನುತ್ತಿದ್ದೆ, ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದು ನಗು ಏಳುತ್ತಿತ್ತು. ಇಲ್ಲಿ ಮೈಕಿನ ಆಟೋದವನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾನೆ, ಒಕ್ಕಲೇ ದೊರೆ ಎಂದು. ಮತ್ತೆ ನಮ್ಮ ಕಿವಿಗೆ ಕುಡಿ ಎಂದರೆ ಚಿಗುರು ಕೂಡ. ಅದೂ ಸೇರಿಕೊಂಡು ನನಗೆ ಇನ್ನಷ್ಟು ಚೆಂದ ಕಂಡಿತು. ಇನ್ನು ಪಕ್ಷಗಳು ತಮ್ಮನ್ನು 'ಕಳಗಂ' ಎಂದು ಕರೆದುಕೊಳ್ಳುತ್ತವಂತೆ. ಸಂಘ ಎಂಬ ಅರ್ಥವಂತೆ. ನನಗೆ ಕಾಳಗ ಎಂದೇ ಕೇಳುತ್ತದೆ. ನಮ್ಮ ಕಡೆಯ ಪಕ್ಷಗಳಿಗೂ ಅದು ಚೆನ್ನಾಗಿಯೇ ಒಪ್ಪುತ್ತದೆ ಎಂದೆ. ಪದ್ಮಾವತಿ ಅದಕ್ಕೂ ನಕ್ಕರು.

ಆಮೇಲೆ ಅವರು ನಗು ನಿಲ್ಲಿಸಿ ವಿಷಯಕ್ಕೆ ಬಂದರು. ಕುಡಿಯರಸು ದಿನ ತವರಿನಲ್ಲಿ ಗ್ರಾಮಸಭೆ ಇದೆ. ಅವರ ತಮ್ಮನ ಹೆಂಡತಿ ಗೌರಮ್ಮ ಅಲ್ಲಿನ ವಾರ್ಡ್ ಮೆಂಬರು. ಗೌರಮ್ಮನ ಮಗಳು ಸಿಂಧು ಹತ್ತಿರದ ತಳಿ ಎಂಬ ಊರಿನಲ್ಲಿ ಹನ್ನೊಂದನೆಯ ತರಗತಿ ಓದುತ್ತಾಳೆ. ಮೊದಲು ಊರೊಳಗೇ ಬರುತ್ತಿದ್ದ ಸಂಜೆಯ ಬಸ್ಸು ಈಗ ಕ್ರಾಸಿನಲ್ಲೇ ತಿರುಗಿಕೊಂಡು ಹೋಗುತ್ತದೆ. ಅಲ್ಲಿಂದ ಊರಿಗೆ ಕಾಡಿನ ದಾರಿ. ಈಗ ರಾಗಿ ಒಕ್ಕಣೆಯ ಕಾಲ, ಆನೆ ಇಳಿಯುವ ಕಾಲ. ಒಂದು ಸಂಜೆ ಹುಡುಗಿಯರು ನಡೆದು ಬರುವಾಗ ದಾರಿಯಲ್ಲೇ ಆನೆ ನಿಂತಿತ್ತಂತೆ. ಅಂದಿನಿಂದ ಸಿಂಧುವಿನ ಅಪ್ಪ ಚೌಡಪ್ಪ ಒಂದೇ ಹಠ ಹಿಡಿದಿದ್ದಾನೆ. ಬಸ್ಸು ಬರದಿದ್ದರೆ ಓದು ಬೇಡ, ಮಗಳು ಮನೆಯಲ್ಲಿರಲಿ.

"ನಿಮ್ಮ ಮನೆಯಲ್ಲೇ ಇಟ್ಟುಕೊಂಡು ಹೊಸೂರಿನ ಶಾಲೆಗೆ ಸೇರಿಸಬಾರದೆ?" ಎಂದೆ.

"ಕೇಳ್ದೆ. ಗೌರಮ್ಮ ಏನಂದ್ಳು ಗೊತ್ತಾ? ನನ್ ಮಗಳನ್ನ ನೀವಿಟ್ಕೊತೀರ ಅತ್ತಿಗೆ, ಮಿಕ್ಕ ಹುಡುಗೀರ್ನ ಯಾರಿಟ್ಕೊತಾರೆ ಅಂದ್ಳು."

ಆ ಸಭೆಗೆ ನಾನೂ ಹೋಗಬೇಕೆಂದು ಆಗಲೇ ನಿಶ್ಚಯಿಸಿಬಿಟ್ಟೆ.

ಬೇರಿಕೆ

ನಡುವೆ ಒಂದು ದಿನ ಬೇರಿಕೆಯ ಸಂತೆಗೆ ಹೋಗಿದ್ದೆವು. ಇದನ್ನು ಹೇಳದೆ ಬಿಡಬಹುದಿತ್ತು, ಆದರೆ ಗುರುರಾಜ ಹೇಳಿಯೇ ಹೇಳುತ್ತಾನೆ, ಅದಕ್ಕೆ ನಾನೇ ಹೇಳಿಬಿಡುತ್ತೇನೆ.

ಕೋಸು ಮಾರುವ ಒಬ್ಬ ಹಿರಿಯರು ಪದ್ಮಾವತಿಗೆ ಪರಿಚಯ. ಮನೆಮಾತು ತೆಲುಗು, ನಮ್ಮ ಸಲುವಾಗಿ ಕನ್ನಡಕ್ಕೆ ಬಂದರು. "ನಾವೆಲ್ಲಾ ಸೇರ್ಕೊಂಡು ಉದ್ಯಮ ಸುರು ಮಾಡ್ಬುಟ್ಟಿದೀವಿ ಮೇಡಮ್ಮಾ" ಎಂದರು.

ಈ ವಯಸ್ಸಿನಲ್ಲಿ ಎಂಥ ಹುಮ್ಮಸ್ಸು ಎಂದು ನನ್ನ ಮನಸ್ಸು ತುಂಬಿಬಂತು. "ಬಹಳ ಸಂತೋಷ. ಏನು ತಯಾರಿಸುತ್ತೀರಿ? ಉಪ್ಪಿನಕಾಯಿಯೋ, ಬೇರೆ ಏನಾದರೂ?" ಎಂದೆ.

ಅವರು ಪದ್ಮಾವತಿಯ ಮುಖ ನೋಡಿದರು. ಪದ್ಮಾವತಿ ಕೋಸನ್ನು ನೋಡಿದರು. ತೆಲುಗಿನಲ್ಲಿ ಉದ್ಯಮವೆಂದರೆ ಚಳವಳಿ. ಸಂತೆಯ ಚರಂಡಿ ಕಟ್ಟಿಕೊಂಡು ನೀರೆಲ್ಲ ತರಕಾರಿಗೆ ಬರುತ್ತಿದೆ, ಅದಕ್ಕೆ ವ್ಯಾಪಾರಿಗಳೆಲ್ಲ ಸರದಿಯಂತೆ ಧರಣಿ ಕೂರುತ್ತಿದ್ದರು. ವಿಷಯ ತಿಳಿದ ಮೇಲೆ ಹಿರಿಯರು ಹೊಟ್ಟೆ ಹಿಡಿದುಕೊಂಡು ನಕ್ಕು, ಪಕ್ಕದ ಅಂಗಡಿಗೂ ತೆಲುಗಿನಲ್ಲಿ ಹೇಳಿ, ಅದರ ಪಕ್ಕದವನಿಗೆ ತಮಿಳಿನಲ್ಲೂ ಹೇಳಿದರು. ನನ್ನ ಉಪ್ಪಿನಕಾಯಿ ಮೂರು ಭಾಷೆಯಲ್ಲಿ ಸಂತೆಯ ತುದಿ ಮುಟ್ಟಿತು. ಆದರೂ ಹೊರಡುವಾಗ ಒಂದು ಕೋಸನ್ನು ಪ್ರೀತಿಯಿಂದ ನನ್ನ ಚೀಲಕ್ಕೆ ಹಾಕಿ, "ನಮ್ ಉದ್ಯಮದ ಮಾಲು, ತಗಳಿ" ಎಂದರು. ಇಷ್ಟು ಹಗುರಾಗಿ ತಪ್ಪನ್ನು ಕ್ಷಮಿಸುವ ಜನರನ್ನು ನಾನು ಕಾಲೇಜಿನ ಸ್ಟಾಫ್ ರೂಮಿನಲ್ಲಂತೂ ಕಂಡಿರಲಿಲ್ಲ.

ಜವಳಗಿರಿಯ ಆಚೆ

ಸಭೆಯ ಹಿಂದಿನ ದಿನವೇ ಪದ್ಮಾವತಿಯ ತವರಿಗೆ ಹೋದೆವು. ಗೌರಮ್ಮ ನಮಗಾಗಿ ಹಿತಕಿದ ಬೇಳೆ ಸಾರು, ಮುದ್ದೆ ಮಾಡಿಟ್ಟುಕೊಂಡು ಕಾಯುತ್ತಿದ್ದಳು. ಗಟ್ಟಿ ಹೆಂಗಸು, ಆದರೆ ಅವತ್ತು "ಯೂನಿಯನ್ನಿಂದ ಸಾರ್ ಬತ್ತಾರಂತೆ ಅತ್ತಿಗೆ" ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ಕಾರ್ಖಾನೆಯ ಯೂನಿಯನ್ನಿನವರಿಗೆ ಇಲ್ಲೇನು ಕೆಲಸ ಎಂದುಕೊಂಡೆ. ಕೇಳಲಿಲ್ಲ, ಉಪ್ಪಿನಕಾಯಿ ಇನ್ನೂ ನೆನಪಿತ್ತು. ಆಮೇಲೆ ತಿಳಿಯಿತು, ಇಲ್ಲಿ ಹತ್ತಾರು ಪಂಚಾಯಿತಿಗಳನ್ನು ಸೇರಿಸಿ ನೋಡಿಕೊಳ್ಳುವ ಕಚೇರಿಯನ್ನೇ ಯೂನಿಯನ್ ಎನ್ನುತ್ತಾರೆ.

ಗೌರಮ್ಮನಿಗೆ ಸಂತೆಯ ತಮಿಳು ಬರುತ್ತದೆ. ಸಭೆಯ ತಮಿಳು ಬೇರೆ, ಅದು ಇಸ್ತ್ರಿ ಹಾಕಿದ ತಮಿಳು. ಅದಕ್ಕೆ ಪದ್ಮಾವತಿ ಅವಳಿಗೆ ಒಂದು ವಾಕ್ಯ ಬಾಯಿಪಾಠ ಮಾಡಿಸಿದ್ದರು, ಪಿಳ್ಳೈಗಳಿಗೆ ಬಸ್ಸು ಬೇಕೆಂದು. ಪಿಳ್ಳೈ ಎಂದರೆ ಮಗು. ಹಿಂದಿನ ಎರಡು ಸಭೆಗಳಲ್ಲೂ ಇದನ್ನೇ ಕೇಳಿದ್ದರಂತೆ. ನಾಲ್ಕಾರು ಹುಡುಗಿಯರಿಗಾಗಿ ಬಸ್ಸು ತಿರುಗಿಸಲಾಗದು ಎಂಬ ಉತ್ತರ ಬಂದಿತ್ತಂತೆ.

"ಕನ್ನಡದಲ್ಲೇ ಹೇಳಮ್ಮಾ, ನಿನ್ನ ಮಾತಿನಲ್ಲಿ ಹೇಳಿದರೆ ಧೈರ್ಯ ಬರುತ್ತದೆ" ಎಂದೆ ನಾನು.

"ನೀವು ಸುಮ್ನಿರಿ ವಾಸಂತಿ" ಎಂದರು ಪದ್ಮಾವತಿ.

ಮೂಲೆಯಲ್ಲಿ ಸಿಂಧು ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಧ್ವಜಾರೋಹಣಕ್ಕೆ ಹಾಡುವವರಲ್ಲಿ ಅವಳೂ ಒಬ್ಬಳು. ಬಸ್ಸಿನ ಮಾತು ಬಂದಾಗಲೆಲ್ಲ ಇಸ್ತ್ರಿಪೆಟ್ಟಿಗೆ ಒಂದೇ ಕಡೆ ನಿಲ್ಲುತ್ತಿತ್ತು. ಚೌಡಪ್ಪ ಹೊರಗೆ ಜಗಲಿಯ ಮೇಲೆ ಬೀಡಿ ಸೇದುತ್ತಾ ಕೂತಿದ್ದ. ಅವನು ಕೆಟ್ಟವನಲ್ಲ. ಮಗಳಿಗೆ ಏನಾದರೂ ಆದೀತೆಂಬ ಹೆದರಿಕೆಯೇ ಅವನ ಬಾಯಲ್ಲಿ ಸಿಟ್ಟಾಗಿ ಬರುತ್ತಿತ್ತು.

ಸಭೆ

ಶಾಲೆಯ ಮುಂದಿನ ಹುಣಸೆಮರದ ಕೆಳಗೆ ಜಮಖಾನೆ ಹಾಸಿದ್ದರು. ಬಾವುಟ ಏರಿತು, ಚಾಕಲೇಟು ಹಂಚಿದರು. ಆಮೇಲೆ ಇಡೀ ಊರು ಕೂತಿತು. ಹೆಂಗಸರು ಮುಂದೆ, ಗಂಡಸರು ಹಿಂದೆ ಕೂತದ್ದು ನೋಡಿಯೇ ನನಗೆ ಗೌರವ ಬಂತು. ನಮ್ಮ ಕಡೆ ನಾನು ನೋಡಿದ ಗ್ರಾಮಸಭೆಗಳಲ್ಲಿ ಹೆಂಗಸರು ಕಂಬದ ಹಿಂದೆ ನಿಂತಿರುತ್ತಿದ್ದರು.

ಯೂನಿಯನ್ ಕಚೇರಿಯಿಂದ ಬಂದ ಅಧಿಕಾರಿ ಚಿಕ್ಕ ವಯಸ್ಸಿನವರು. ತಿರುನೆಲ್ವೇಲಿ ಕಡೆಯವರು, ಈ ಸೀಮೆಗೆ ಬಂದು ಹೆಚ್ಚು ದಿನವಾಗಿಲ್ಲ, ಕನ್ನಡ ಒಂದಕ್ಷರ ಬಾರದು. ಎದ್ದು ನಿಂತು, ಕೈಮುಗಿದು, ಮಕ್ಕಳು ಮಕ್ಕಳು ಎನ್ನುತ್ತಾ ಮಾತಾಡಿದರು. ನಾನು ಹಿಂದೆ ತಿರುಗಿ ನೋಡಿದೆ. ಮಕ್ಕಳೆಲ್ಲ ಚಾಕಲೇಟು ಸಿಕ್ಕ ಕೂಡಲೇ ಓಡಿಹೋಗಿದ್ದರು.

"ಮಕ್ಕಳೆಲ್ಲಿದ್ದಾರ್ರೀ ಇಲ್ಲಿ?" ಎಂದು ಪದ್ಮಾವತಿಯ ಕಿವಿಯಲ್ಲಿ ಕೇಳಿದೆ.

"ತಮಿಳಲ್ಲಿ ಮಕ್ಕಳು ಅಂದ್ರೆ ಜನ. ನಾವೆಲ್ಲಾ ಮಕ್ಕಳೇ. ಮಕ್ಕಳಾಟ್ಚಿ ಅಂದ್ರೆ ಪ್ರಜಾಪ್ರಭುತ್ವ."

ಮಕ್ಕಳಾಟ್ಚಿ. ನನ್ನ ಕಿವಿ ಅದನ್ನು ಮಕ್ಕಳಾಟ ಎಂದೇ ಕೇಳಿತು. ಜಮಖಾನೆಯ ಮೇಲೆ ಕೂತ ಆ ಮುದುಕಿಯರನ್ನೂ ಎಲೆಯಡಿಕೆ ಮೆಲ್ಲುತ್ತಿದ್ದ ಗಂಡಸರನ್ನೂ ನೋಡಿದೆ. ನಮ್ಮಲ್ಲಿ ಪ್ರಜೆ ಎಂದರೆ ಎದುರಿಗೆ ಒಬ್ಬ ರಾಜ ಇದ್ದಾನೇನೋ ಅನಿಸುತ್ತದೆ. ಮಕ್ಕಳು ಎಂದರೆ ಹಾಗಲ್ಲ, ಅಮ್ಮನ ಸೆರಗು ಹಿಡಿದು ಕೇಳಿದ ಹಾಗೆ ಕೇಳಬಹುದು. ತಮಿಳರ ಕಿವಿಗೆ ಇದು ಹೀಗೆ ಕೇಳುವುದಿಲ್ಲ ಎಂದು ಗೊತ್ತು. ಆದರೂ ನನಗೆ ಕಣ್ಣು ಒದ್ದೆಯಾಯಿತು.

ಗೌರಮ್ಮನ ಸರದಿ ಬಂತು. ಎದ್ದಳು. ಸೆರಗು ಹೊದ್ದಳು. ಬಾಯಿ ತೆರೆದಳು, ಬಾಯಿಪಾಠದ ವಾಕ್ಯ ಬರಲಿಲ್ಲ. ನಮ್ಮ ಕಡೆ ನೋಡಿದಳು. ಪದ್ಮಾವತಿ ತುಟಿ ಅಲ್ಲಾಡಿಸಿ ಪಿಳ್ಳೈ ಪಿಳ್ಳೈ ಎನ್ನುತ್ತಿದ್ದರು, ಅವಳಿಗೆ ಅರ್ಥವಾಗಲಿಲ್ಲ. ಕೊನೆಗೆ ತಡೆಯಲಾರದೆ ಕನ್ನಡದಲ್ಲೇ ಕೂಗಿದಳು:

"ಸಾರ್, ನಮ್ ಮಕ್ಕಳ್ಗೆ ಸಾಯಂಕಾಲ ಬಸ್ ಬೇಕು ಸಾರ್!"

ಅಧಿಕಾರಿಯ ಮುಖ ಅರಳಿತು. ಅವರಿಗೆ ತಿಳಿದ ಮಾತು ಅದರಲ್ಲಿ ಇತ್ತು. "ಮಕ್ಕಳುಕ್ಕು ಬಸ್ ವೇಣುಂ. ಸರಿಮ್ಮಾ" ಎಂದು ತಲೆಯಾಡಿಸಿ, ಮತ್ತೆ ಕೇಳಿದರು, "ಎಲ್ಲಾ ಮಕ್ಕಳುಕ್ಕುಮಾ?"

"ಹೂಂ ಸಾರ್, ಎಲ್ಲಾ ಮಕ್ಕಳ್ಗೂ!"

ಬೇಕಾದವರು ಕೈ ಎತ್ತಿ ಎಂದು ಅವರು ಸಭೆಗೆ ಹೇಳಿದರು. ಮೊದಲು ಮುಂದಿನ ಸಾಲಿನ ಮುದುಕಿಯೊಬ್ಬಳು, "ನಂಗೂ ಆಸ್ಪತ್ರೆಗೋಗಿ ಬರಕ್ಕೆ ಬೇಕು ಕಣಪ್ಪಾ" ಎನ್ನುತ್ತಾ ಕೈ ಎತ್ತಿದಳು. ಹೂದೋಟದ ಕೆಲಸಕ್ಕೆ ಹೋಗುವ ಹೆಂಗಸರು ಎತ್ತಿದರು. ಗಂಡಸರು ಎತ್ತಿದರು. ಹುಣಸೆಮರಕ್ಕೊರಗಿ ನಿಂತಿದ್ದ ಚೌಡಪ್ಪನ ಕೈಯೂ ಮೇಲಿತ್ತು.

ನಾನು ಏಳಲು ಹೊರಟೆ. ಬದುಕಿನುದ್ದಕ್ಕೂ ಕೆಂಪು ಶಾಯಿಯಲ್ಲಿ ತಪ್ಪು ತಿದ್ದಿದವಳು ನಾನು, ಪದ ತಪ್ಪಿದರೆ ನನಗೆ ಮೈಯೆಲ್ಲ ಕಡಿಯುತ್ತದೆ. ಸ್ವಾಮಿ, ಅವಳು ಕೇಳಿದ್ದು ಹುಡುಗರಿಗೆ, ನೀವು ತಿಳಿದಿದ್ದು ಜನರಿಗೆ ಎಂದು ಹೇಳಲು ಬಾಯಿ ತೆರೆದೇಬಿಟ್ಟಿದ್ದೆ. ಪದ್ಮಾವತಿ ನನ್ನ ಸೀರೆ ಹಿಡಿದು ಜಗ್ಗಿ ಕೂರಿಸಿದರು.

"ಕೂತ್ಕೊಳ್ಳಿ. ಇದೊಂದು ಸಲ ತಪ್ಪು ತಿದ್ದಬೇಡಿ."

ಸುತ್ತ ನೋಡಿದೆ. ಊರಿನವರೇ ಆದ ಪಂಚಾಯಿತಿ ಕಾರ್ಯದರ್ಶಿ ತಲೆ ಎತ್ತದೆ ಬರೆದುಕೊಳ್ಳುತ್ತಿದ್ದರು, ತುಟಿಯ ತುದಿಯಲ್ಲಿ ನಗುವಿತ್ತು. ಆ ಸಭೆಯಲ್ಲಿ ಎರಡೂ ಅರ್ಥ ಎಲ್ಲರಿಗೂ ಗೊತ್ತಿತ್ತು, ಅಧಿಕಾರಿಯೊಬ್ಬರನ್ನು ಬಿಟ್ಟು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಆ ಊರಿನ ಮೇಲೆ ನನಗೆ ಅಲ್ಲೇ, ಆಗಲೇ ಪ್ರೀತಿ ಹುಟ್ಟಿತು.

"ಇದು ಸುಳ್ಳಾಗುವುದಿಲ್ಲವೆ?" ಎಂದು ಆಮೇಲೆ ಕೇಳಿದೆ.

"ಅವಳು ಹೇಳಿದ್ದೂ ನಿಜ, ಅವರು ಕೇಳಿಸ್ಕೊಂಡಿದ್ದೂ ನಿಜ. ಸುಳ್ಳು ಎಲ್ಲಿಂದ ಬಂತು?" ಎಂದರು ಪದ್ಮಾವತಿ.

ಕ್ರಾಸ್

ಕೊನೆಯಲ್ಲಿ ಕಾರ್ಯದರ್ಶಿ ಓದಿದ ತಮಿಳಿನಲ್ಲಿ ನನಗೆ ಎರಡು ಮಾತು ಸ್ಪಷ್ಟವಾಗಿ ಕೇಳಿಸಿದವು: ತೀರ್ಮಾನ, ನೆರವೇರಿತು. ಅವರು ಅಂದದ್ದು ಹೆಚ್ಚುಕಡಿಮೆ ಅದೇ. ತೀರ್ಮಾನವೂ ಆಯಿತು, ನೆರವೇರಿಯೂ ಬಿಟ್ಟಿತು, ಎಂಥ ಚುರುಕಿನ ಆಡಳಿತ ಎಂದು ನಾನು ಹಿಗ್ಗಿಹೋದೆ. ಪದ್ಮಾವತಿ ನೆಂಟರ ಮನೆಗೆ ಹೋಗಿದ್ದರು. ನಾನು ಸಿಂಧುವನ್ನೂ ಗೌರಮ್ಮನನ್ನೂ ಹೊರಡಿಸಿಕೊಂಡು, ಬಸ್ಸು ಊರಿಗೆ ತಿರುಗುವುದನ್ನು ಕಣ್ಣಾರೆ ನೋಡೋಣವೆಂದು ಬಿಸಿಲಿರುವಾಗಲೇ ಕ್ರಾಸಿಗೆ ಬಂದೆ. ಗೌರಮ್ಮನಿಗೆ ಅನುಮಾನವಿತ್ತು, ಆದರೆ ಇಷ್ಟು ಓದಿದವರು ಹೇಳುತ್ತಿದ್ದಾರಲ್ಲ ಎಂದು ಬಂದಳು. ಸಿಂಧು ತಲೆ ಬಾಚಿಕೊಂಡು ಹೂ ಮುಡಿದಿದ್ದಳು.

ಬಸ್ಸು ಬಂತು. ಕ್ರಾಸಿನಲ್ಲಿ ತಿರುಗಿಕೊಂಡು, ಬಂದ ದಾರಿಯಲ್ಲೇ ಹೋಯಿತು. ಸಿಂಧು ಮುಡಿದಿದ್ದ ಹೂವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಳು.

ನಮ್ಮನ್ನು ಹುಡುಕಿಕೊಂಡು ಚೌಡಪ್ಪ ಬ್ಯಾಟರಿ ಹಿಡಿದು ಬಂದ. ಬೈಯಲಿಲ್ಲ. ನಿಧಾನವಾಗಿ ಹೇಳಿದ:

"ತಮಿಳಲ್ಲಿ ತೀರ್ಮಾನ ಅಂದ್ರೆ ಊರೋರು ಸೇರಿ ಕೇಳ್ಕೊಂಡ್ರು ಅಂತ ಅಷ್ಟೇ ಕಣಕ್ಕಾ. ನೆರವೇರ್ತು ಅಂದ್ರೆ ಕೇಳಿದ್ದಾಯ್ತು ಅಂತ. ಬಸ್ ಬಿಡೋದು ಬಿಡದೇ ಇರೋದು ಮೇಲಿನೋರ ಕೈಲೈತೆ." ಸ್ವಲ್ಪ ದೂರ ಹೋದ ಮೇಲೆ ಮಗಳ ಕಡೆ ನೋಡದೆ ಹೇಳಿದ: "ಯುಗಾದಿ ಗಂಟ ನೋಡ್ತೀನಿ. ಅಲ್ಲೀಗಂಟ ನಾನೇ ಬಂದು ಕರ್ಕೊಂಡೋಯ್ತೀನಿ. ಆಮೇಕೆ ಆಗಾಕಿಲ್ಲ. ಅವ್ರ ತೀರ್ಮಾನ ತಮಿಳ್ದು, ನಂದು ಕನ್ನಡದ್ದು."

ಆ ಕಾಡಿನ ದಾರಿಯಲ್ಲಿ ಸಿಂಧು ನನ್ನ ಕೈ ಹಿಡಿದುಕೊಂಡೇ ನಡೆದಳು. ದಾರಿಯಲ್ಲಿ ಆನೆಯ ಲದ್ದಿ ಬಿದ್ದಿತ್ತು, ಇನ್ನೂ ಹಸಿ. ನನಗೆ ನಾಚಿಕೆಗಿಂತ ಭಯವೇ ಹೆಚ್ಚಾಗಿತ್ತು, ಆನೆಯದ್ದಲ್ಲ, ಯುಗಾದಿಯದ್ದು.

ಮತ್ತೆ ಗದಗ

ಊರಿಗೆ ಬಂದ ಮೇಲೆ ಫೋಟೋ ತೋರಿಸಿ ಎಂದು ಓಣಿಯವರು ಕೇಳಿದರು. ಒಂದು ಕೋಸಿನ ಫೋಟೋ ಇತ್ತು, ತೋರಿಸಿದೆ. ಸಂಜೆಯಾದರೆ ಮನಸ್ಸು ಆ ಕ್ರಾಸಿಗೇ ಹೋಗುತ್ತಿತ್ತು. ಪದ್ಮಾವತಿಗೆ ಫೋನು ಮಾಡಿ ಮಾಡಿ, ಕೊನೆಗೆ ಅವರೇ "ಬಸ್ ಬಂದ್ರೆ ನಾನೇ ಹೇಳ್ತೀನಿ ಕಣ್ರೀ" ಎಂದು ಗದರಿದರು.

ಯುಗಾದಿಗೆ ಮೊದಲಿನ ವಾರ ಹಿಟ್ಟು ಬೀಸಿಸಿಕೊಂಡು ಗಿರಣಿಯಿಂದ ಬರುತ್ತಿದ್ದೆ. ಗೌರಮ್ಮನ ಫೋನು. ಏನೂ ಕೇಳುತ್ತಿಲ್ಲ. ಇಂಜಿನ್ನಿನ ಸದ್ದು, ಕೋಳಿಯ ಕೂಗು, ಹತ್ತು ಜನ ಒಟ್ಟಿಗೆ ಮಾತಾಡುವ ಗಲಾಟೆ. ನಡುವೆ ಆಸ್ಪತ್ರೆಯ ಮುದುಕಿಯ ದನಿಯೂ ಇದ್ದ ಹಾಗಿತ್ತು.

"ಅಕ್ಕಾ! ಕೇಳುಸ್ತಾ ಐತಾ? ಅರಸು ಬಸ್ಸು! ಕ್ರಾಸ್ ದಾಟ್ಬುಡ್ತು, ಊರೊಳಕ್ಕೇ ಬತ್ತಾ ಐತೆ!"

ನಾನು ಹಿಟ್ಟಿನ ಡಬ್ಬಿಯನ್ನು ರಸ್ತೆಯಲ್ಲೇ ಇಳಿಸಿದೆ. "ಸಿಂಧು? ಸಿಂಧು ಇದ್ದಾಳಾ?"

"ಅವ್ಳೆ, ಅವ್ಳೆ. ಇಲ್ಲೇ ಅವ್ಳೆ." ಗೌರಮ್ಮ ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ. "ಮಕ್ಕಳ್ಗೆ ಅಂತ ಬಸ್ ಕೇಳ್ದೋ ಅಕ್ಕಾ. ಈಗ ನೋಡಿದ್ರೆ ಮಕ್ಕಳೆಲ್ಲಾ ಸೀಟಿಡ್ಕೊಂಡು ಕುಂತವ್ರೆ, ನನ್ ಮಗಳು ನಿಂತ್ಕೊಂಡೇ ಬತ್ತಾವ್ಳೆ!"